ಶೇಂಗಾ ಪೊಟ್ಟಣದ ಮ್ಯೂಸಿಯಂ

ಓದುವ ಹವ್ಯಾಸ ಮನುಷ್ಯನನ್ನು ಮೇಲಕ್ಕೆತ್ತುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಏನನ್ನು ಓದಬೇಕು, ಎಲ್ಲಿಯವರೆಗೆ ಓದಬೇಕು, ಓದುವ ಕಾಗದಕ್ಕೆ ಉಪ್ಪು ಹತ್ತಿರಬಹುದೇ ಎಂಬುದನ್ನು ಅವರು ಹೇಳಿಲ್ಲ. ಹೇಳಿದ್ದರೆ ದಹಿಸರ್ ಪೂರ್ವದ ಶಾಂತಿಸದನ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ, ಒಂಬತ್ತನೇ ನಂಬರಿನಲ್ಲಿ ವಾಸವಾಗಿದ್ದ ತಿರುಮಲೇಶನಿಗೆ ೧೯೯೦ರ ಫೆಬ್ರವರಿಯಲ್ಲಿ ಆದದ್ದು ಆಗುತ್ತಿರಲಿಲ್ಲ.

ತಿರುಮಲೇಶ ಮೂಲತಃ ಮೈಸೂರಿನವನು. ಫೋರ್ಟಿನ ಒಂದು ವಿಮಾ ಕಚೇರಿಯ ರೆಕಾರ್ಡ್ ವಿಭಾಗದಲ್ಲಿ ಹೆಡ್ ಕ್ಲಾರ್ಕ್. ಇಪ್ಪತ್ತೆರಡು ವರ್ಷಗಳಿಂದ ಫೈಲುಗಳ ತಲೆಬರಹ ಓದಿ ಅವನ್ನು ಸರಿಯಾದ ಕಪಾಟಿನಲ್ಲಿ ಇಡುವುದು ಅವನ ಕೆಲಸ. ಫೈಲಿನ ಒಳಗೆ ಏನಿದೆ ಎಂದು ಓದುವುದು ಬೇರೆ ವಿಭಾಗದ ಕೆಲಸ. ಈ ಶಿಸ್ತು ಅವನಿಗೆ ಎಷ್ಟು ಮೈಗೂಡಿತ್ತೆಂದರೆ ದಿನಪತ್ರಿಕೆಯನ್ನಾಗಲಿ ಮದುವೆಯ ಕರೆಯೋಲೆಯನ್ನಾಗಲಿ ತಲೆಬರಹಕ್ಕಿಂತ ಕೆಳಗೆ ಅವನು ಓದುತ್ತಿರಲಿಲ್ಲ. ಹೀಗಾಗಿ ಒಮ್ಮೆ ಮಾಟುಂಗಾದಲ್ಲಿ ಯಾರದೋ ಮದುವೆಗೆ ಹೋಗಿ, ಊಟ ಮಾಡಿ, ಉಡುಗೊರೆ ಕೊಟ್ಟು, ವರನ ಕೈ ಕುಲುಕಿ ಬಂದಿದ್ದ. ಅದೇ ಹೊತ್ತಿನಲ್ಲಿ ಅವನ ಸ್ವಂತ ಸೋದರಳಿಯನ ಮದುವೆ ಮುಲುಂಡಿನಲ್ಲಿ ನಡೆಯುತ್ತಿತ್ತು.

ಇಂಥ ತಿರುಮಲೇಶನಿಗೆ ಜೀವನದಲ್ಲಿ ಒಂದೇ ಒಂದು ಅಧಿಕಾರವಿತ್ತು. ಅವನು ದಹಿಸರ್ ಕನ್ನಡ ಬಳಗದ ಕಾರ್ಯದರ್ಶಿ. ಬಳಗ ವರ್ಷಕ್ಕೊಮ್ಮೆ ಪ್ರವಾಸ ಹೊರಡುತ್ತಿತ್ತು; ಆ ದಿನ ಕಾರ್ಯದರ್ಶಿ ಕೊರಳಲ್ಲಿ ಹಿತ್ತಾಳೆಯ ಸೀಟಿ ಹಾಕಿಕೊಳ್ಳುತ್ತಿದ್ದ. ಅವನು ಸೀಟಿ ಊದಿದರೆ ಮೂವತ್ತು ಜನ ಏಳಬೇಕು, ಊದಿದರೆ ಕೂರಬೇಕು. ಆಫೀಸಿನಲ್ಲಿ ಅವನು ಕರೆದರೆ ಪ್ಯೂನ್ ಕೂಡ ಏಳುತ್ತಿರಲಿಲ್ಲ ಎಂಬುದನ್ನು ನೆನೆದರೆ ಆ ಸೀಟಿಯ ಬೆಲೆ ಗೊತ್ತಾಗುತ್ತದೆ. ವರ್ಷದ ಉಳಿದ ದಿನ ಅದು ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಭಾನುವಾರಗಳಲ್ಲಿ ಅವನು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ.

ಆದರೆ ಹಿಂದಿನ ವರ್ಷದ ಪ್ರವಾಸದಲ್ಲಿ ಒಂದು ಎಡವಟ್ಟಾಗಿತ್ತು. ಕಾನ್ಹೇರಿ ಗುಹೆಗಳನ್ನು ನೋಡಲೆಂದು ಬೋರಿವಲಿ ಸ್ಟೇಷನ್ನಿನಲ್ಲಿ ಸೀಟಿ ಊದಿ ಮೂವತ್ತೊಂದು ಜನರನ್ನೂ ಇಳಿಸಿದ ತಿರುಮಲೇಶ, ಹತ್ತುವವರ ನೂಕುನುಗ್ಗಲಿನಲ್ಲಿ ತಾನು ಇಳಿಯಲಾಗದೆ ಅಂಧೇರಿಯವರೆಗೆ ಹೋಗಿಬಿಟ್ಟ. ಪುಳಿಯೋಗರೆಯ ಪಾತ್ರೆಯೂ ಅವನ ಜೊತೆಗೇ ಹೋಯಿತು.

ಜನವರಿಯ ಮೂರನೇ ವಾರ, ಸಂಜೆಯ ವಿರಾರ್ ಲೋಕಲ್ಲಿನಲ್ಲಿ, ದಾದರ್ ದಾಟಿದ ಮೇಲೆ ತಿರುಮಲೇಶ ಒಂದು ಪೊಟ್ಟಣ ಶೇಂಗಾ ಕೊಂಡ. ಬಾಂದ್ರಾದಲ್ಲಿ ಶೇಂಗಾ ಮುಗಿಯಿತು. ಪೊಟ್ಟಣದ ಕಾಗದ ಬಿಡಿಸಿದ. ಅದು ಯಾವುದೋ ಇಂಗ್ಲಿಷ್ ಪತ್ರಿಕೆಯ ತುಂಡು. ಎಡಗಡೆ ಹರಿದಿತ್ತು, ಕೆಳಗಡೆ ಎಣ್ಣೆ ಹಿಡಿದಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಬೇ ಏರಿಯಾದಲ್ಲಿ ವಿಡಿಯೋ ಗೇಮ್ ಇತಿಹಾಸದ ಮ್ಯೂಸಿಯಂ.’

ಮುಂಬಯಿಯಲ್ಲಿ ಇಪ್ಪತ್ತೆರಡು ವರ್ಷ ಲೋಕಲ್ ಹತ್ತಿ ಇಳಿದವನಿಗೆ ‘ಬೇ’ ಎಂದು ಕಂಡರೆ ಅದರ ಹಿಂದೆ ಹರಿದುಹೋದದ್ದು ‘ಬಾಂ’ ಅಲ್ಲದೆ ಮತ್ತೇನು ಇರಲು ಸಾಧ್ಯ? ತಿರುಮಲೇಶ ಮನಸ್ಸಿನಲ್ಲೇ ಅದನ್ನು ಸೇರಿಸಿಕೊಂಡ. ಬಾಂಬೇ ಏರಿಯಾ. ಕಾಗದದ ಉಪ್ಪು ಕೊಡವಿ, ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟ.

ಆ ಶನಿವಾರ ಸಂಜೆ ಬಳಗದ ಸಮಿತಿ ಅವನ ಮನೆಯಲ್ಲೇ ಸೇರಿತು. ಒಂದು ರೂಮು, ಒಂದು ಅಡುಗೆಮನೆಯ ಆ ಮನೆಯಲ್ಲಿ ಮಂಚದ ಮೇಲೆ ಅಧ್ಯಕ್ಷ ವೆಂಕಟಸುಬ್ಬಯ್ಯನವರು. ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ‘ಲಿಖಿತ ಪುರಾವೆ’ ಇಲ್ಲದೆ ಸೂರ್ಯ ಹುಟ್ಟಿದ್ದನ್ನೂ ಒಪ್ಪುವವರಲ್ಲ. ಕೆಳಗೆ ಚಾಪೆಯ ಮೇಲೆ ದಾದರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಧಾರವಾಡದ ಶಂಕ್ರೆಪ್ಪ, ಅವನ ಹೆಂಡತಿ ದಾನವ್ವ. ಬಾಗಿಲ ಬಳಿ, ಅರ್ಧ ಒಳಗೆ ಅರ್ಧ ಹೊರಗೆ, ತಳಮಾಳಿಗೆಯ ಕೊರಗಪ್ಪ. ಉಡುಪಿ ಕಡೆಯವನು. ಧಾರಾವಿಯಲ್ಲಿ ಅವನದೊಂದು ರಿಪೇರಿ ಗಾಳೆ, ಅಂದರೆ ಒಂದೇ ಕೋಣೆಯ ಅಂಗಡಿ. ಗಾಜಿನ ಪರದೆಗಳನ್ನು ಹೊತ್ತು ತಿರುಗುತ್ತಿದ್ದುದರಿಂದ ಟಿವಿ ರಿಪೇರಿಯವನು ಎಂದು ತಿರುಮಲೇಶ ತಿಳಿದಿದ್ದ.

“ಈ ವರ್ಷ ಎಲ್ಲಿಗ್ರಿ ಪ್ರವಾಸ?” ಎಂದು ಶಂಕ್ರೆಪ್ಪ ಶುರುಮಾಡಿದ. “ಹೋದ ಸಲ ಗುಹಾ ನೋಡಿ ಹಸದು ಬಂದ್ವಿ. ನಾವು ಮೂವತ್ತೊಂದು ಮಂದಿ ಬುದ್ಧನ ಮುಂದ ಉಪಾಸ ಕುಂತ್ವಿ, ಸೆಕ್ರೆಟರಿ ಸಾಹೇಬ್ರು ಒಬ್ಬರ ಅಂಧೇರಿಯೊಳಗ ಪುಳಿಯೋಗರೆ ಕಾಯ್ದ್ರು.”

“ಈ ಸಲ ಮ್ಯೂಸಿಯಂ,” ಎಂದ ತಿರುಮಲೇಶ ಗಂಭೀರವಾಗಿ.

“ಮ್ಯೂಸಿಯಂ ಎಲ್ಲಾ ನೋಡೀವ್ರಿ. ಕತ್ತಿ, ಗಡಿಗಿ, ಸತ್ತ ಹುಲಿ.”

“ಇದು ಅಂಥದ್ದಲ್ಲ. ವಿಡಿಯೋ ಗೇಮ್ ಇತಿಹಾಸದ ಮ್ಯೂಸಿಯಂ.”

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ರಮಾಮಣಿ, ಗಂಡ ಏನೋ ಹೇಳಬಾರದ್ದನ್ನು ಹೇಳಿದ ಸದ್ದು ಗುರುತಿಸಿ, ಬಾಗಿಲಿಗೆ ಬಂದು ನಿಂತಳು.

“ವಿಡಿಯೋ ಗೇಮ್ ಅಂದ್ರ, ಸ್ಟೇಷನ್ ಬಾಜೂಕ ಡಬ್ಬಿ ಮುಂದ ನಿಂತು ಕುಂಯ್ ಕುಂಯ್ ಅನಸ್ತಾವಲ್ಲ ಹುಡುಗ್ರು, ಅದ?” ಎಂದಳು ದಾನವ್ವ. “ಮೊನ್ನೆ ಬಂದದ್ದಕ್ಕ ಎಂಥಾ ಇತಿಹಾಸ್ರಿ?”

“ಎಲ್ಲಕ್ಕೂ ಇತಿಹಾಸ ಇರತ್ತೆ ದಾನವ್ವನೋರೆ. ನಿಮ್ಮ ರೊಟ್ಟಿಗೂ ಇದೆ.”

“ನನ್ನ ರೊಟ್ಟಿ ಬಿಸಿ ಇರ್ತಾವ್ರಿ. ಇತಿಹಾಸ ಇದ್ರ ನಿಮ್ಮ ಪುಳಿಯೋಗರೆಗೆ ಇದ್ದೀತು.”

ವೆಂಕಟಸುಬ್ಬಯ್ಯನವರು ಕನ್ನಡಕ ಏರಿಸಿದರು. “ಲಿಖಿತ ಪುರಾವೆ?”

ತಿರುಮಲೇಶ ಕಿಸೆಯಿಂದ ಕಾಗದ ತೆಗೆದುಕೊಟ್ಟ. ಅಧ್ಯಕ್ಷರು ಅದನ್ನು ಬಲ್ಬಿಗೆ ಹಿಡಿದು ನೋಡಿದರು, ಮೂಸಿದರು. “‘ಬೇ ಏರಿಯಾ’ ಅಂತಿದೆಯಲ್ಲಯ್ಯಾ?”

“ಎಡಗಡೆ ನೋಡಿ ಸಾರ್, ಹರಿದಿದೆ. ‘ಬಾಂ’ ಶೇಂಗಾದವನ ಹತ್ತಿರ ಉಳಿದುಹೋಗಿದೆ.”

ಎಲ್ಲರೂ ಬಗ್ಗಿ ನೋಡಿದರು. ಹರಿದದ್ದಂತೂ ನಿಜ. ಹರಿದ ಜಾಗದಲ್ಲಿ ಒಂದು ‘ಬಾಂ’ ಹಿಡಿಯುವಷ್ಟು ಸ್ಥಳವೂ ಇತ್ತು. ಕೆಳಗಿನ ಸಾಲುಗಳನ್ನು ಎಣ್ಣೆ ನುಂಗಿದ್ದರಿಂದ ಅಧ್ಯಕ್ಷರ ಕನ್ನಡಕಕ್ಕೆ ಅವು ದಕ್ಕಲಿಲ್ಲ.

ಬಾಗಿಲಿನಿಂದ ಕೊರಗಪ್ಪ ಕೈ ಎತ್ತಿದ. “ಒಂದು ಮಾತು ಮಾರಾಯ್ರೆ, ಈ ಗೇಮಿನ ಮಿಶನ್ ಉಂಟಲ್ಲ…”

“ಸಲಹೆಗಳು ಕೊನೆಯಲ್ಲಿ, ಕೊರಗಪ್ಪನವರೇ,” ಎಂದ ತಿರುಮಲೇಶ. ಕೊನೆಯಲ್ಲಿ ಕಾಫಿ ಬಂತು, ಸಲಹೆ ಮರೆತುಹೋಯಿತು.

“ನಾ ಒಂದ ಠರಾವು ಹೇಳ್ತೀನಿ, ಬರಕೋರಿ,” ಎಂದ ಶಂಕ್ರೆಪ್ಪ. “ಫೆಬ್ರವರಿ ಹನ್ನೊಂದು, ಐತವಾರ, ಮುಂಜಾನೆ ಒಂಬತ್ತಕ್ಕ ಆ ಮ್ಯೂಸಿಯಂ ನಮಗ ತೋರಿಸಿದ್ರ, ಇನ್ನ ಐದು ವರ್ಷ ನಿಮ್ಮ ಸೀಟಿಗೆ ಎದ್ದು ಕುಂತು ಮಾಡ್ತೀವಿ. ತೋರಿಸಲಿಲ್ಲಂದ್ರ ಆ ಸೀಟಿ ನನ್ನ ಕೊಳ್ಳಾಗ.”

ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ನಡವಳಿ ಪುಸ್ತಕದಲ್ಲಿ ಅದನ್ನು ತನ್ನ ದುಂಡು ಅಕ್ಷರದಲ್ಲಿ ತಾನೇ ಬರೆಯಬೇಕಾದದ್ದು ಕಾರ್ಯದರ್ಶಿಯ ಕರ್ಮ.

ಜನ ಹೋದ ಮೇಲೆ ರಮಾಮಣಿ ಲೋಟ ಎತ್ತುತ್ತಾ ಕೇಳಿದಳು: “ಆ ಮ್ಯೂಸಿಯಂ ಎಲ್ಲಿದೆ ರೀ?”

“ಬಾಂಬೇ ಏರಿಯಾದಲ್ಲಿ.”

“ಕೊಲಾಬಾದಿಂದ ಇಲ್ಲೀ ತನಕ ಎಲ್ಲಾ ಬಾಂಬೇ ಏರಿಯಾನೇ. ಯಾವ ಸ್ಟೇಷನ್?”

ತಿರುಮಲೇಶ ನಡವಳಿ ಪುಸ್ತಕ ಮುಚ್ಚಿಟ್ಟ. ಮರುದಿನವೇ ಬಳಗದ ಮುದ್ರೆ ಒತ್ತಿದ ಕಾಗದದಲ್ಲಿ ‘ಮಾನ್ಯ ನಿರ್ದೇಶಕರು, ವಿಡಿಯೋ ಗೇಮ್ ಇತಿಹಾಸ ಮ್ಯೂಸಿಯಂ, ಬಾಂಬೇ’ ಎಂದು ವಿಳಾಸ ಬರೆದು, ಮೂವತ್ತನಾಲ್ಕು ಜನ ಬರುತ್ತಿದ್ದೇವೆ, ಕುಡಿಯುವ ನೀರಿನ ವ್ಯವಸ್ಥೆ ಇದೆಯೇ ಎಂದು ಕೇಳಿದ. ಕಾಗದ ಹನ್ನೊಂದು ದಿನ ಊರೆಲ್ಲ ತಿರುಗಿತು. ಆರು ಮುದ್ರೆಗಳ ಸಮೇತ ವಾಪಸು ಬಂತು. ಒಬ್ಬ ಪೋಸ್ಟ್‌ಮನ್ ‘ಇಂಥವರಿಲ್ಲ’ ಎಂದು ಬರೆದಿದ್ದ. ಇನ್ನೊಬ್ಬ, ಹೆಚ್ಚು ನೊಂದವನಿರಬೇಕು, ‘ಇಂಥದ್ದೂ ಇಲ್ಲ’ ಎಂದು ಸೇರಿಸಿದ್ದ.

ಪ್ರವಾಸಕ್ಕೆ ಉಳಿದದ್ದು ಒಂಬತ್ತು ದಿನ. ಆಫೀಸಿನ ಪ್ಯೂನ್ ಒಂದು ದಾರಿ ತೋರಿಸಿದ: ವಿಡಿಯೋ ಗೇಮ್ ಪಾರ್ಲರುಗಳಿಗೆಲ್ಲ ಪರವಾನಗಿ ಕೊಡುವ ಕಚೇರಿ ಮೂರು ಗಲ್ಲಿ ಆಚೆಗೇ ಇದೆ; ಅಂಥದ್ದೊಂದು ಮ್ಯೂಸಿಯಂ ಇದ್ದರೆ ಅವರ ಪುಸ್ತಕದಲ್ಲಿ ಇರಲೇಬೇಕು. ತಿರುಮಲೇಶ ಊಟದ ಬಿಡುವಿನಲ್ಲಿ ಅಲ್ಲಿಗೆ ಹೋದ. ಕಿಟಕಿಯ ಮೇಲೆ ‘ಚೌಕಶಿ’ ಎಂದು ಬರೆದಿತ್ತು. ಮರಾಠಿಯಲ್ಲಿ ಚೌಕಶಿ ಎಂದರೆ ವಿಚಾರಣೆ. ಆದರೆ ಅದಕ್ಕೂ ಕನ್ನಡದ ಚೌಕಾಶಿಗೂ ಅಂತರ ಕಡಿಮೆ ಎಂಬುದು ಆ ಕಿಟಕಿಯ ಮುಂದೆ ನಿಂತವರಿಗೆಲ್ಲ ಗೊತ್ತು.

ಒಳಗೆ ಕೂತಿದ್ದ ಹೆಂಗಸು ತಲೆ ಎತ್ತದೆ ಕೇಳಿದರು: “ಕಾಯ್ ಪಾಹಿಜೆ?” ಏನು ಬೇಕು?

“ವಿಡಿಯೋ ಗೇಮ್ ಹಿಸ್ಟರಿ ಮ್ಯೂಸಿಯಂ.”

“ಫಾರ್ಮ್ ಸಾತ್,” ಎಂದು ಒಂದು ಫಾರ್ಮ್ ಹೊರಗೆ ಬಂತು.

“ಅಯ್ಯೋ ರಾಮ, ಫಾರ್ಮ್ ಅಲ್ಲ…” ಎಂದು ತಿರುಮಲೇಶನ ಬಾಯಿಂದ ಕನ್ನಡ ಜಾರಿತು.

ತಲೆ ಮೇಲೆದ್ದಿತು. “ಕನ್ನಡದವ್ರೇನ್ರಿ? ನಾ ನಿಪ್ಪಾಣಿಯಾಕಿ. ರುಕ್ಮಿಣಿಬಾಯಿ. ಮೊದಲ ಹೇಳಬಾರ್ದೇನು? ನಮ್ಮವ್ರು ಅಂದ ಮ್ಯಾಲ ಎರಡು ಫಾರ್ಮ್ ತಗೋರಿ. ಒಂದು ತಪ್ಪಿದ್ರ ಇನ್ನೊಂದು.”

“ನನಗೆ ಫಾರ್ಮ್ ಬೇಡ ತಾಯಿ, ಮ್ಯೂಸಿಯಂ ಬೇಕಾಗಿತ್ತು.”

“ಮ್ಯೂಸಿಯಂ ಬೇಕಂದ್ರ ಫಾರ್ಮ್ ತುಂಬಬೇಕು. ತುಂಬಲಾರದ ಮ್ಯೂಸಿಯಂ ಹೆಂಗ ಸಿಗ್ತದ್ರಿ?”

ಇದು ನ್ಯಾಯವಾದ ಮಾತೆಂದು ತಿರುಮಲೇಶನಿಗೆ ತೋರಿತು. ಸರಕಾರ ಒಂದು ವಿಳಾಸ ಹೇಳಬೇಕಾದರೂ ಫಾರ್ಮ್ ಕೇಳುತ್ತದೆ. ಅವನ ಕಚೇರಿಯೇನು ಕಡಿಮೆಯೇ? ಅಲ್ಲದೆ ಖಾಲಿ ಫಾರ್ಮನ್ನು ಖಾಲಿಯಾಗಿ ಹಿಂತಿರುಗಿಸಿದ ಕಳಂಕ ಅವನ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಇರಲಿಲ್ಲ. ಫಾರ್ಮಿನ ತಲೆಬರಹ ‘ಫಾರ್ಮ್ ಏಳು’ ಎಂದಷ್ಟೇ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ‘ಹೊಸ ಮನರಂಜನಾ ಸ್ಥಳ ತೆರೆಯಲು ಅರ್ಜಿ’ ಎಂಬುದನ್ನು ಓದುವುದು, ಮೊದಲೇ ಹೇಳಿದಂತೆ, ಬೇರೆ ವಿಭಾಗದ ಕೆಲಸ.

ಅವನು ಪೆನ್ನು ಬಿಚ್ಚಿದ. ಹೆಸರು: ವಿಡಿಯೋ ಗೇಮ್ ಇತಿಹಾಸ ಮ್ಯೂಸಿಯಂ. ಉದ್ದೇಶ: ಶಿಕ್ಷಣ ಮತ್ತು ಪ್ರವಾಸ. ವೇಳೆ: ಭಾನುವಾರ ಬೆಳಗ್ಗೆ ಒಂಬತ್ತು. ಸಂದರ್ಶಕರ ಸಂಖ್ಯೆ: ಮೂವತ್ತನಾಲ್ಕು. ಯಂತ್ರಗಳ ಸಂಖ್ಯೆ: ಇದ್ದಷ್ಟು. ಕೊನೆಯಲ್ಲಿ ‘ಸ್ಥಳ’ ಎಂದಿತ್ತು, ಪಕ್ಕದಲ್ಲಿ ‘ದಿನಾಂಕ’. ನಮ್ಮ ಕಡೆ ಪ್ರತಿ ಅರ್ಜಿಯ ಬುಡದಲ್ಲೂ ಇವು ಜೋಡಿಯಾಗಿ ಇರುತ್ತವೆ; ಸ್ಥಳ ಎಂದರೆ ಬರೆಯುವವನ ಊರು ಎಂಬುದು ಪ್ರೈಮರಿ ಶಾಲೆಯ ಪಾಠ. ತಿರುಮಲೇಶ ದುಂಡಾಗಿ ಬರೆದ: ಒಂಬತ್ತು, ಎರಡನೇ ಮಾಳಿಗೆ, ಶಾಂತಿಸದನ, ದಹಿಸರ್ ಪೂರ್ವ.

ರುಕ್ಮಿಣಿಬಾಯಿ ಮುದ್ರೆ ಒತ್ತಿದರು. “ಚಲೋ ಅಕ್ಷರ. ಹನ್ನೊಂದರ ಐತವಾರ ನಾನ ಖುದ್ದ ಬಂದು ನೋಡ್ತೀನ್ರಿ. ಇಂಥಾ ಜಾಗಾ ಐತವಾರನ ನೋಡಬೇಕು, ಉಳಿದ ದಿವಸ ನೊಣ ಇರ್ತಾವ.”

“ಅವಶ್ಯ ಬನ್ನಿ,” ಎಂದ ತಿರುಮಲೇಶ. ಅವರೂ ಪ್ರವಾಸಕ್ಕೆ ಬರುತ್ತಾರೆಂದು ತಿಳಿದು, ಹೊರಗೆ ಬಂದು ಪಟ್ಟಿಯಲ್ಲಿ ಮೂವತ್ತನಾಲ್ಕನ್ನು ಹೊಡೆದು ಮೂವತ್ತೈದು ಮಾಡಿದ.

ಮ್ಯೂಸಿಯಂ ಎಲ್ಲಿದೆ ಎಂಬ ಉತ್ತರ ಅಂಚೆಯಲ್ಲಿ ಬರುತ್ತದೆಂದು ಕಾದ. ಬರಲಿಲ್ಲ. ಹತ್ತನೇ ತಾರೀಖು, ಶನಿವಾರ, ಅರ್ಧ ದಿನದ ಆಫೀಸು ಮುಗಿಸಿ ಬಂದವನೇ ಮೊಳೆಯಿಂದ ಸೀಟಿ ತೆಗೆದ. ಮತ್ತೊಮ್ಮೆ ಒರೆಸಿದ. ಆರು ಮುದ್ರೆಯ ಕಾಗದವನ್ನೂ ಕಿಸೆಯಲ್ಲಿಟ್ಟುಕೊಂಡು, ತಪ್ಪೊಪ್ಪಿಕೊಂಡು ಸೀಟಿ ಒಪ್ಪಿಸಿಬಿಡೋಣವೆಂದು ಮೂರನೇ ಮಾಳಿಗೆಗೆ ವೆಂಕಟಸುಬ್ಬಯ್ಯನವರ ಮನೆಗೆ ಹೋದ.

“ಸಾರ್, ಆ ಮ್ಯೂಸಿಯಂ…” ಎಂದು ಬಾಯಿ ತೆರೆದ.

“ಇದೆ,” ಎಂದರು ವೆಂಕಟಸುಬ್ಬಯ್ಯನವರು.

“ಇದೆಯಾ!”

“ಲಿಖಿತ ಪುರಾವೆ ಸಿಕ್ಕಿದೆ. ನಿನ್ನ ಕಾಗದದ ತುಂಡು ನಂಬಿ ಮೂವತ್ತನಾಲ್ಕು ಜನರನ್ನು ಹೊರಡಿಸೋಕೆ ಆಗತ್ತೇನಯ್ಯಾ? ಗುರುವಾರ ನಾನೇ ಗೇಮ್ ಪಾರ್ಲರುಗಳ ಪರವಾನಗಿ ಕಚೇರಿಗೆ ಹೋಗಿ ಕೇಳಿದೆ. ರಿಜಿಸ್ಟರ್ ತೆಗೆದು ತೋರಿಸಿದರು. ಕ್ರಮಾಂಕ ನಾನ್ನೂರ ಹದಿನೇಳು. ಇಡೀ ಬಾಂಬೇ ಏರಿಯಾಕ್ಕೆ ಅದೊಂದೇ.”

ತಿರುಮಲೇಶನಿಗೆ ಕಾಲ ಕೆಳಗೆ ನೆಲ ವಾಪಸು ಬಂದಂತಾಯಿತು. “ಎಲ್ಲಿದೆ ಸಾರ್?”

ವೆಂಕಟಸುಬ್ಬಯ್ಯನವರು ಮೂವತ್ತೈದು ವರ್ಷದ ನೌಕರಿಯಲ್ಲಿ ನಗದಷ್ಟನ್ನು ಒಮ್ಮೆಗೇ ನಕ್ಕರು. “ನಾಟಕ ಸಾಕು ಮಹರಾಯ!” ಎಂದು ತಾವು ನಕಲು ಮಾಡಿಕೊಂಡು ಬಂದಿದ್ದ ಚೀಟಿ ಕೊಟ್ಟರು. ತಿರುಮಲೇಶ ಓದಿದ. ಒಂಬತ್ತು, ಎರಡನೇ ಮಾಳಿಗೆ, ಶಾಂತಿಸದನ, ದಹಿಸರ್ ಪೂರ್ವ. ವಿಳಾಸ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದುಕೊಂಡ. ಎರಡನೇ ಸಲ ಓದಿದಾಗ ಗೋಡೆ ಹಿಡಿದುಕೊಂಡ.

“ಮನೆಯಲ್ಲೇ ಮ್ಯೂಸಿಯಂ ಕಟ್ಟಿ, ಯಾರಿಗೂ ಹೇಳದೆ, ಕಿಸೆಯಲ್ಲಿ ಶೇಂಗಾ ಕಾಗದ ಇಟ್ಟುಕೊಂಡು ತಿರುಗ್ತಿದ್ದೀಯಲ್ಲ, ಎಂಥ ಸಂಕೋಚವಯ್ಯಾ ನಿನ್ನದು! ನಾನು ಎಲ್ಲರಿಗೂ ಹೇಳಿಬಿಟ್ಟೆ. ಲೋಕಲ್ ಹತ್ತೋದು ಬೇಡ, ಮೆಟ್ಟಿಲು ಹತ್ತಿದರೆ ಸಾಕು ಅಂತ ಜನಕ್ಕೆ ಬಹಳ ಸಂತೋಷ. ನಾಳೆ ಒಂಬತ್ತಕ್ಕೆ ಸರಿಯಾಗಿ ಬಾಗಿಲು ತೆಗಿ.”

ತಿರುಮಲೇಶ ಮೆಟ್ಟಿಲಿಳಿದು ಮನೆಗೆ ಬಂದು, ಚಪ್ಪಲಿ ಬಿಡದೆ ಮಂಚದ ಮೇಲೆ ಕುಳಿತು, ರಮಾಮಣಿಗೆ ಎಲ್ಲವನ್ನೂ ಹೇಳಿದ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಕೇಳಿದಳು.

“ಅದಕ್ಕೇನು ಕಷ್ಟ? ನಿಮ್ಮನ್ನೇ ಮೂಲೇಲಿ ಕೂರಿಸಿ ಒಂದು ಚೀಟಿ ಅಂಟಿಸಿದರೆ ಮ್ಯೂಸಿಯಂ ಆಯ್ತು.”

“ರಮಾ, ಸೀಟಿ ಹೋಗತ್ತೆ ಕಣೇ.”

ಆ ದನಿಗೆ ರಮಾಮಣಿಯ ಕೈ ನಿಂತಿತು. ಮೊರ ಪಕ್ಕಕ್ಕಿಟ್ಟಳು. “ರೀ, ಕೆಳಗಡೆ ಮನೆ ಕೊರಗಪ್ಪನೋರು ಏನು ರಿಪೇರಿ ಮಾಡ್ತಾರೆ ಅಂತ ಗೊತ್ತಾ ನಿಮಗೆ?”

“ಟಿವಿ.”

“ಎಂಟು ವರ್ಷದಿಂದ ಒಂದೇ ಬಿಲ್ಡಿಂಗಲ್ಲಿದ್ದೀರಿ!” ಎಂದು ಎದ್ದವಳು, ಬಾಗಿಲಿಗೆ ಹೋಗಿ ಮೆಟ್ಟಿಲ ಸಂದಿಯಿಂದ ಕೂಗಿದಳು: “ಕೊರಗಪ್ಪನೋರೇ! ನೀವು ಹೇಳಬೇಕು ಅಂತಿದ್ದ ಆ ಒಂದು ಮಾತು ಈಗ ಬಂದು ಹೇಳಿ!”

ಕೊರಗಪ್ಪ ಬಂದ. “ಮೂರು ವಾರದಿಂದ ಹೇಳ್ತಾ ಇದ್ದೇನೆ ಮಾರಾಯ್ರೆ, ಯಾರು ಕೇಳ್ತಾರೆ? ನಾನು ರಿಪೇರಿ ಮಾಡುವುದೇ ಗೇಮಿನ ಮಿಶನ್. ಪಾರ್ಲರಿನವರು ಹಾಳಾದದ್ದು ತಂದು ಹಾಕ್ತಾರೆ, ವಾಪಸು ತೆಗೆದುಕೊಂಡು ಹೋಗುವವರು ಕಡಿಮೆ. ಸತ್ತದ್ದು ಉಂಟು, ಬದುಕಿದ್ದು ಉಂಟು, ಅರೆಜೀವದ್ದು ಉಂಟು. ಈಗ ಗಾಳೆಗೆ ಸುಣ್ಣ ಹೊಡೆಯಬೇಕು, ಇದನ್ನೆಲ್ಲ ಎಲ್ಲಿ ಇಡುವುದಂತಲೇ ನನಗೆ ತಲೆಬಿಸಿ.”

ತಿರುಮಲೇಶ ಎದ್ದು ಕೊರಗಪ್ಪನನ್ನು ಅಪ್ಪಿಕೊಂಡ. ಸಂಜೆ ಐದಕ್ಕೆ ಧಾರಾವಿಯಿಂದ ಟೆಂಪೋ ಬಂತು. ಆಳೆತ್ತರದ ಮೂರು ಪೆಟ್ಟಿಗೆ, ಸಣ್ಣವು ನಾಲ್ಕು. ಬಿಲ್ಡಿಂಗಿನವರು ಕಟಕಟೆಗೆ ಒರಗಿ ನಿಂತು, ‘ಬಾಕಿ ಸಾಮಾನು ಬಂತು ನೋಡು’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅಂಗಡಿಯಿಂದ ಬಂದ ಶಂಕ್ರೆಪ್ಪ ಮೆಟ್ಟಿಲಲ್ಲಿ ಸಿಕ್ಕಿಬಿದ್ದು, ತನ್ನ ಸೋಲಿನ ಒಂದು ತುದಿಯನ್ನು ತಾನೇ ಹೊತ್ತು ಎರಡು ಮಾಳಿಗೆ ಏರಿದ. ಮಂಚ ಟೆರೇಸಿಗೆ ಹೋಯಿತು.

ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ತಿರುಮಲೇಶ ಚೀಟಿ ಬರೆದ. ಇದೊಂದು ಕೆಲಸದಲ್ಲಿ ಅವನನ್ನು ಮೀರಿಸುವವರು ಮುಂಬಯಿಯಲ್ಲಿ ಇರಲಿಲ್ಲ. ‘ಎರಡು ಗೆರೆಗಳ ನಡುವೆ ಚೆಂಡು ಓಡುವ ಆಟ. ಈಗ ಓಡುವುದಿಲ್ಲ.’ ‘ಕಾರಿನ ಆಟ. ಸ್ಟಿಯರಿಂಗ್ ಕಳೆದಿದೆ.’ ‘ಆಕಾಶದಿಂದ ಹುಳುಗಳು ಇಳಿಯುವ ಆಟ. ಜೀವಂತ.’ ಎಲ್ಲಕ್ಕಿಂತ ಮೊದಲು, ಬಾಗಿಲ ಎದುರಿಗೆ, ಮ್ಯೂಸಿಯಮ್ಮಿನ ಮೂಲ ದಾಖಲೆಯಾದ ಶೇಂಗಾ ಕಾಗದ ಚೌಕಟ್ಟಿನಲ್ಲಿ ತೂಗಿತು. ಚೌಕಟ್ಟು ಅವರ ಮದುವೆಯ ಫೋಟೋದ್ದು. ರಮಾಮಣಿ ನೋಡಿದಳು. ಅನ್ನುವುದನ್ನು ಮುಂದಕ್ಕೆ ಇಟ್ಟುಕೊಂಡಳು.

ಒಂಬತ್ತಕ್ಕೆ ತಿರುಮಲೇಶ ಬಾಗಿಲು ತೆಗೆದು ಸೀಟಿ ಊದಿದ. ಮೆಟ್ಟಿಲ ಮೇಲೆ ಟಿಫಿನ್ ಡಬ್ಬಿ ಹಿಡಿದು ಕೂತಿದ್ದ ಮೂವತ್ತಕ್ಕೂ ಹೆಚ್ಚು ಜನ ಒಮ್ಮೆಗೇ ಎದ್ದರು. ಒಂದು ಸಲಕ್ಕೆ ಏಳು ಜನ ಎಂದು ಠರಾಯಿಸಿದ. ಮೊದಲ ತಂಡದಲ್ಲಿ ಬಂದ ದಾನವ್ವ, ಜೀವಂತ ಯಂತ್ರದ ಮುಂದೆ ನಿಂತು, “ಇದೇನ ಕುಂಯ್ ಕುಂಯ್?” ಎಂದು ಗುಂಡಿ ಒತ್ತಿ ನೋಡಿದಳು. ಒಂದು ಹುಳು ಸತ್ತಿತು. ಇನ್ನೊಮ್ಮೆ ಒತ್ತಿದಳು. ಆಮೇಲೆ ಅವಳು ಅಲ್ಲಿಂದ ಕದಲಲಿಲ್ಲ. ನಲವತ್ತು ವರ್ಷ ರೊಟ್ಟಿ ತಟ್ಟಿದ ಕೈ ಗುಂಡಿಯ ಮೇಲೆ ಪಟಪಟನೆ ಬೀಳತೊಡಗಿತು. “ಬಾ ಮಗನ! ನೀನೂ ಬಾ! ನಿಮ್ಮಪ್ಪನ್ನೂ ಕರಕೊಂಡ ಬಾ!” ಎರಡನೇ ತಂಡ ಬಂತು, ಮೂರನೆಯದು ಬಂತು, ಎಲ್ಲ ತಂಡಗಳೂ ದಾನವ್ವನನ್ನೂ ಸೇರಿಸಿ ಮ್ಯೂಸಿಯಂ ನೋಡಿ ಹೋದವು.

ಒಂಬತ್ತೂವರೆಗೆ, ಕೊನೆಯ ತಂಡದಲ್ಲಿ, ಅಧ್ಯಕ್ಷರ ಜೊತೆ ಶಂಕ್ರೆಪ್ಪ ಬಂದ. ಸೀಟಿಗೆಂದು ಹೊಸ ಕೆಂಪು ದಾರವನ್ನು ಜೇಬಿನಲ್ಲಿ ಮೊದಲೇ ಇಟ್ಟುಕೊಂಡಿದ್ದ. ಪೆಟ್ಟಿಗೆಗಳನ್ನು ಬಡಿದು ನೋಡಿ, “ಆಟ ಅದಾವ. ಇದರಾಗ ಇತಿಹಾಸ ಎಲ್ಲೈತ್ರಿ?” ಎಂದ.

“ಇದು ಸತ್ತು ಐದು ವರ್ಷ ಆಯ್ತು ಶಂಕ್ರೆಪ್ಪನವರೇ. ಇತಿಹಾಸ ಅಂದರೆ ಇನ್ನೇನು?”

ಅಷ್ಟರಲ್ಲಿ ಕಂಕುಳಲ್ಲಿ ಚೀಲ, ಕೈಯಲ್ಲಿ ರಿಜಿಸ್ಟರ್ ಹಿಡಿದು ರುಕ್ಮಿಣಿಬಾಯಿ ಬಂದರು. “ತಪಾಸಣಿ,” ಎಂದರು. ಸರಕಾರ ಎಂದರೆ ಸರಕಾರ, ಕೂತಿದ್ದವರು ಎದ್ದರು. ಅವರು ಯಂತ್ರ ಎಣಿಸಿದರು, ಕಿಟಕಿ ಎಣಿಸಿದರು. ಕಡೆಗೆ ಚೌಕಟ್ಟಿನ ಮುಂದೆ ನಿಂತು ಕನ್ನಡಕ ಹಾಕಿಕೊಂಡರು. ಎಣ್ಣೆ ಆರಿ, ಗಾಜಿನ ಹಿಂದೆ ಕಾಗದ ಚಪ್ಪಟೆಯಾಗಿ, ಮೂರು ವಾರದಿಂದ ಯಾರೂ ಓದದ ಸಾಲುಗಳು ಈಗ ಕಾಣುತ್ತಿದ್ದವು.

“ಇದು ಇಲ್ಲಿದಲ್ಲರಿ. ಬೇ ಏರಿಯಾ ಅಂದ್ರ ಅಮೆರಿಕಾದಾಗ ಐತಿ. ನೋಡ್ರಿ, ಕೆಳಗ ಬರದಾರ, ಸ್ಯಾನ್ ಫ್ರಾನ್ಸಿಸ್ಕೋ ಅಂತ.”

ದಾನವ್ವನ ಯಂತ್ರ ಕುಂಯ್ ಕುಂಯ್ ಎನ್ನುತ್ತಲೇ ಇತ್ತು. ‘ಬಾಂ’ ಎಲ್ಲಿಂದ ಬಂತೆಂದು ಎಲ್ಲರೂ ತಿರುಮಲೇಶನನ್ನು ನೋಡಿದರು. ಶಂಕ್ರೆಪ್ಪ ಜೇಬಿನಿಂದ ಕೆಂಪು ದಾರ ತೆಗೆದು, ಇನ್ನೊಂದು ಕೈ ಚಾಚಿದ. ತಿರುಮಲೇಶ ತಲೆ ತಗ್ಗಿಸಿ ಸೀಟಿಯನ್ನು ಕೊರಳಿಂದ ಬಿಚ್ಚತೊಡಗಿದ. ಅದು ಕಿವಿಗೆ ಸಿಕ್ಕಿಕೊಂಡಿತು.

“ತಡೀರಿ!” ಎಂದರು ವೆಂಕಟಸುಬ್ಬಯ್ಯನವರು. “ಅರ್ಧ ಓದಿದ್ದರಿಂದಲೇ ಇಲ್ಲೀ ತನಕ ಬಂದಿದ್ದೇವೆ. ಪೂರ್ತಿ ಓದಿ ತಾಯಿ.”

ರುಕ್ಮಿಣಿಬಾಯಿ ಬೆರಳಿಟ್ಟು ಓದಿದರು. “‘ಇಂಥಾದ್ದೊಂದು ಮ್ಯೂಸಿಯಂ ಕಟ್ಟಬೇಕಂತ ಕೆಲವು ಉತ್ಸಾಹಿಗಳ ವಿಚಾರ. ಜಾಗಾ ಇನ್ನೂ ಸಿಕ್ಕಿಲ್ಲ.’ ಇಷ್ಟರಿ.”

“ಅಂದರೆ ಅಮೆರಿಕದಲ್ಲಿ ಅದು ಇನ್ನೂ ವಿಚಾರ,” ಎಂದರು ಅಧ್ಯಕ್ಷರು, ತೀರ್ಪು ಓದುವವರಂತೆ. “ದಹಿಸರಿನಲ್ಲಿ ಕ್ರಮಾಂಕ ನಾನ್ನೂರ ಹದಿನೇಳು. ಅಷ್ಟು ದೊಡ್ಡ ದೇಶದಲ್ಲಿ ಅವರಿಗೆ ಸಿಗದ ಜಾಗ ನಮ್ಮ ಕಾರ್ಯದರ್ಶಿಗೆ ಒಂದು ರೂಮು ಕಿಚನ್ನಿನಲ್ಲಿ ಸಿಕ್ಕಿದೆ!”

ಚಪ್ಪಾಳೆ ಬಿತ್ತು. ಶಂಕ್ರೆಪ್ಪ ಕೈ ಹಿಂದೆಗೆಯಲಿಲ್ಲ. “ಅದು ಖರೇರಿ, ಆದ್ರ ಠರಾವಿನ್ಯಾಗ…”

“ಏ, ಸುಮ್ಮ ಕುಂದರ್ರಿ!” ಎಂದು ದಾನವ್ವ ಪರದೆಯಿಂದ ಕಣ್ಣು ತೆಗೆಯದೆ ಗದರಿದಳು. “ಮ್ಯೂಸಿಯಂ ತೋರಿಸು ಅಂದ್ರಿ, ತೋರಿಸ್ಯಾರ. ನೀವು ಮನ್ಯಾಗ ಊದೂದ ಸಾಕಾಗೇತಿ, ಅದರ ಮ್ಯಾಲ ಸೀಟಿ ಬ್ಯಾರೆ ಬೇಕ? ಮಾತಾಡಿಸಿ ನನ್ನ ಹುಳಾ ತಪ್ಪಿಸಿದ್ರಿ ನೋಡ್ರಿ!”

ಶಂಕ್ರೆಪ್ಪ ದಾರವನ್ನು ಜೇಬಿಗೆ ಹಾಕಿಕೊಂಡ. ರುಕ್ಮಿಣಿಬಾಯಿ ರಿಜಿಸ್ಟರನ್ನು ಹಿಟ್ಟಿನ ಡಬ್ಬದ ಮೇಲಿಟ್ಟು ಬರೆದರು: ‘ತಪಾಸಣೆ ಆಯಿತು. ಸ್ಥಳ ಇದೆ.’ ಮುದ್ರೆ ಒತ್ತಿದರು. ಆಮೇಲೆ ಚೀಲ ಕೆಳಗಿಟ್ಟು, “ಸ್ವಲ್ಪ ಸರೀರಿ ಅಕ್ಕಾರ, ನಾನೂ ಒಂದು ಕೈ ನೋಡ್ತೀನಿ,” ಎಂದು ದಾನವ್ವನ ಪಕ್ಕ ನಿಂತರು. ಪುಳಿಯೋಗರೆ ಈ ಸಲ ಎಲ್ಲರಿಗೂ ಸಿಕ್ಕಿತು.

ಕೊರಗಪ್ಪನ ಗಾಳೆಯ ಸುಣ್ಣ ವಾರದಲ್ಲಿ ಮುಗಿಯಲಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ತಿರುಮಲೇಶ ಬಾಜಾರಿನಿಂದ ಒಂದು ಕಟ್ಟು ಕೊತ್ತಂಬರಿ ಹಿಡಿದು ಬಂದಾಗ ಮೆಟ್ಟಿಲ ತುಂಬ ಜನ. ಕೈಯಲ್ಲಿ ಟಿಫಿನ್ ಡಬ್ಬಿಗಳು. ವಿರಾರಿನವರಂತೆ, ಭಾಯಂದರಿನವರಂತೆ. ರಜೆಯ ದಿನ ನೋಡುವಂಥದ್ದು ಏನಾದರೂ ಇದೆಯೇ ಎಂದು ಕೇಳಿದವರಿಗೆಲ್ಲ ಚೌಕಶಿ ಕಿಟಕಿಯಲ್ಲಿ ಒಬ್ಬ ಹೆಂಗಸು ಈ ವಿಳಾಸ ಕೊಡುತ್ತಿದ್ದಾರಂತೆ. ವೇಳೆ, ಭಾನುವಾರ ಬೆಳಗ್ಗೆ ಒಂಬತ್ತು.

ತಿರುಮಲೇಶನ ಕೈ ತಾನಾಗಿ ಕೊರಳಿಗೆ ಹೋಯಿತು. ಸೀಟಿ ಮನೆಯಲ್ಲಿ, ಮೊಳೆಯಲ್ಲಿತ್ತು.

ಇರಲಿಲ್ಲ. ಎರಡನೇ ಮಾಳಿಗೆಯಿಂದ, ಅವನು ಎಂದೂ ಊದಿರದಷ್ಟು ಜೋರಾಗಿ, ಅದು ಕೇಳಿಸಿತು. ಮೆಟ್ಟಿಲ ಮೇಲಿದ್ದವರೆಲ್ಲ ಎದ್ದು ನಿಂತರು.

“ಚಪ್ಪಲಿ ಹೊರಗೆ!” ಎಂದಿತು ರಮಾಮಣಿಯ ದನಿ. “ಒಂದು ಸಲಕ್ಕೆ ಏಳೇ ಜನ!”

“ನನ್ನ ಮನೆ ಅದು,” ಎಂದು ತಿರುಮಲೇಶ ನುಗ್ಗಲು ನೋಡಿದ. “ಸಬ್ ಐಸಾ ಹೀ ಬೋಲ್ತೇ ಹೈ, ಲೈನ್ ಮೇ ಆವೋ,” ಎಂದ ಮುಂದಿದ್ದವನು. ಎಲ್ಲರೂ ಹೀಗೇ ಹೇಳುತ್ತಾರೆ, ಸಾಲಿಗೆ ಬಾ. ತಿರುಮಲೇಶ ಎಣಿಸಿ ನೋಡಿದ. ಅವನು ಎಂಟನೆಯವನು.

ಮೆಟ್ಟಿಲ ಮೇಲೆ ಕುಳಿತು, ಕೊತ್ತಂಬರಿ ಸುತ್ತಿದ್ದ ಕಾಗದ ಬಿಡಿಸಿದ. ಮೇಲೆ ದಪ್ಪ ಅಕ್ಷರದಲ್ಲಿ ಏನೋ ಇತ್ತು. ಅದನ್ನು ಬಿಟ್ಟು, ಮುಂದಿನ ಸೀಟಿ ಕೇಳುವವರೆಗೆ, ಕೆಳಗಿನ ಸಾಲುಗಳನ್ನೇ ಒಂದೊಂದಾಗಿ ಓದಿದ.